ನೀಲಕ್ಕನ ಮಾತಿನ ಫೈಲು

ಮನುಷ್ಯನ ಮಾತನ್ನು ಫೈಲು ಮಾಡಿ ಒಂದೂರಿಂದ ಇನ್ನೊಂದೂರಿಗೆ ಕಳಿಸಬಹುದು ಎಂದಾದ ಮೇಲೆ, ಅದನ್ನು ಕಳಿಸುವವರಿಗೂ ಬರಮಾಡಿಕೊಳ್ಳುವವರಿಗೂ ಪಾಠ ಹೇಳಲು ಒಬ್ಬರು ಬೇಕಾದರು. ಹುಬ್ಬಳ್ಳಿಯ ಕೇಂದ್ರದಲ್ಲಿ ಆ ಒಬ್ಬಳು ನಾನು, ಕಸ್ತೂರಿ ಹೊಂಬಳ. ಆರು ವರ್ಷಗಳಲ್ಲಿ ನೂರಾ ನಲವತ್ತು ಅಡ್ಮಿನ್‌ಗಳನ್ನು ತಯಾರು ಮಾಡಿದ್ದೇನೆ. ಅವರಲ್ಲಿ ಒಬ್ಬರ ಕೈಯಿಂದಲೂ ಒಂದು ಫೈಲೂ ಕಳ್ಳರ ಪಾಲಾಗಿಲ್ಲ. ಈ ಮಾತನ್ನು ಮೊದಲೆಲ್ಲ ಎದೆಯುಬ್ಬಿಸಿ ಹೇಳುತ್ತಿದ್ದೆ. ಈಗ ಬೇರೆ ಯಾರಾದರೂ ಹೇಳಿದರೆ ಎದ್ದು ಹೊರಗೆ ಹೋಗುತ್ತೇನೆ.

ಆ ಫೈಲು ಏನೆಂಬುದನ್ನು ಮೊದಲು ಹೇಳಬೇಕು. ಮಿದುಳಿನಲ್ಲಿ ಮಾತು ಹುಟ್ಟುವ ಜಾಗದಲ್ಲೇ ಗಡ್ಡೆ ಬೆಳೆದರೆ, ಗಡ್ಡೆಯ ಜೊತೆಗೆ ಆ ಜಾಗವನ್ನೂ ಕತ್ತರಿಸಿ ತೆಗೆಯಬೇಕಾಗುತ್ತದೆ. ಮನುಷ್ಯ ಬದುಕುತ್ತಾನೆ, ಮಾತು ಹೋಗುತ್ತದೆ, ಬರೆದು ತಿಳಿಸಲೂ ಆಗುವುದಿಲ್ಲ. ಅದಕ್ಕೊಂದು ಉಪಾಯ ಕಂಡುಹಿಡಿದರು. ಆಪರೇಷನ್ನಿಗೆ ಮೊದಲು ಮೂರು ವಾರ ರೋಗಿಯ ತಲೆಗೆ ತೆಳುವಾದ ಜಾಲರಿಯ ಟೋಪಿ ಹಾಕುತ್ತಾರೆ. ಅವರು ದಿನವಿಡೀ ಆಡುವ ಮಾತು, ಆ ಮಾತಿಗೆ ಮುಂಚೆ ಮಿದುಳಿನಲ್ಲಿ ಏಳುವ ಸಣ್ಣ ವಿದ್ಯುತ್ತಿನ ಅಲೆ, ಎರಡನ್ನೂ ದಾಖಲಿಸುತ್ತಾರೆ. ಯಾವ ಅಲೆ ಎದ್ದರೆ ಈ ಮನುಷ್ಯ ಯಾವ ಮಾತು ಆಡುತ್ತಾನೆ ಎಂಬುದು ಅದರಿಂದ ತಿಳಿಯುತ್ತದೆ. ಇದಕ್ಕೆ ಮಾತಿನ ನಕ್ಷೆ ಎಂದು ಹೆಸರು. ಆಪರೇಷನ್ ಆದ ಮೇಲೆ ಕಿವಿಯ ಹಿಂದೆ ಒಂದು ಚಿಪ್ ಕೂರಿಸಿ ಅದರಲ್ಲಿ ನಕ್ಷೆ ತುಂಬಿದರೆ, ಕೊರಳಿಗೆ ಕಟ್ಟಿದ ಪುಟ್ಟ ಸ್ಪೀಕರಿನಿಂದ ಆ ಮನುಷ್ಯ ಮತ್ತೆ ತನ್ನದೇ ದನಿಯಲ್ಲಿ, ತನ್ನದೇ ಧಾಟಿಯಲ್ಲಿ ಮಾತಾಡುತ್ತಾನೆ.

ಒಳ್ಳೆಯದು ಬಂದಲ್ಲಿ ಕೇಡಿಗರೂ ಬಂದರು. ನಕ್ಷೆಗಳ ಪ್ರತಿ ಕದ್ದು, ಆ ಜನ ಎಂದೂ ಆಡದ ಮಾತುಗಳನ್ನು ಅವರ ದನಿಯಲ್ಲಿ ಆಡಿಸಿದರು. ಯಾರೋ ತಿದ್ದಿಟ್ಟ ನಕ್ಷೆ ತುಂಬಿಸಿಕೊಂಡ ಒಬ್ಬಾತ ಮಗಳ ಹೆಸರು ಹಿಡಿದು ಕರೆಯಲು ಹೋದಾಗಲೆಲ್ಲ ಕಿರುಚುತ್ತಿದ್ದ. ಅಲ್ಲಿಗೆ ಕಾಯ್ದೆ ಬಂತು. ಒಂದು ನಕ್ಷೆಗೆ ಜಗತ್ತಿನಲ್ಲಿ ಒಂದೇ ಪ್ರತಿ. ಕಳಿಸಿದ ಕೂಡಲೇ ಕಳಿಸಿದವರ ಕಡೆ ಅದು ಅಳಿದುಹೋಗಬೇಕು. ಫೈಲಿನ ಮೇಲೆ ಹೆಸರಿರಬಾರದು, ಸಂಖ್ಯೆ ಮಾತ್ರ. ಬರಮಾಡಿಕೊಳ್ಳುವ ಅಡ್ಮಿನ್ ಅದರ ಮೇಲೆ ಕಳಿಸಿದವರು ಹಾಕಿದ ಡಿಜಿಟಲ್ ಮುದ್ರೆ ಸರಿಯಿದೆಯೇ ಎಂದು ನೋಡಿ ಮೂರು ಗುಂಡಿಗಳಲ್ಲಿ ಒಂದನ್ನು ಒತ್ತಬೇಕು. ‘ಸ್ವೀಕರಿಸು’ ಒತ್ತಿದರೆ ಫೈಲು ಆಸ್ಪತ್ರೆಗೆ ಹೋಗುತ್ತದೆ. ‘ತಡೆಹಿಡಿ’ ಒತ್ತಿದರೆ ಆರು ಗಂಟೆ ಕಾಲ ಅಲ್ಲೇ ನಿಲ್ಲುತ್ತದೆ, ಅಷ್ಟರೊಳಗೆ ವಿಚಾರಿಸಬಹುದು. ‘ತಿರಸ್ಕರಿಸು’ ಒತ್ತಿದರೆ ಅಲ್ಲೇ ಸುಟ್ಟುಹೋಗುತ್ತದೆ.

ಕಾಯ್ದೆಯಲ್ಲಿ ಮೂರು ಗುಂಡಿ ಇದ್ದವು. ನನ್ನ ಪಾಠದಲ್ಲಿ ಎರಡೇ ಇದ್ದವು.

ಇದನ್ನು ಸುಮ್ಮನೆ ಮಾಡಿರಲಿಲ್ಲ. ಬೇರೊಂದು ಊರಿನ ಕೇಂದ್ರದಲ್ಲಿ ಕಳ್ಳರು ಬೇಕಂತಲೇ ಅನುಮಾನದ ಫೈಲು ಕಳಿಸಿ, ಅದನ್ನು ತಡೆಹಿಡಿದ ಆರು ಗಂಟೆಗಳಲ್ಲಿ ಸರ್ವರ್ ಒಳಗೆ ನುಸುಳಿದ್ದರು. ಹಾಗಾಗಿ ನಾನೊಂದು ಪದ್ಧತಿ ಮಾಡಿದೆ. ಪ್ರತಿ ಮಂಗಳವಾರ ಮಧ್ಯಾಹ್ನದೊಳಗೆ ಒಂದು ಹುಸಿ ಫೈಲು ಕಳಿಸುತ್ತಿದ್ದೆ. ನೋಡಲು ಅಸಲಿಯಂತೆಯೇ ಇರುತ್ತಿತ್ತು, ಮುದ್ರೆ ಮಾತ್ರ ತಾಳೆಯಾಗುತ್ತಿರಲಿಲ್ಲ. ಹದಿನೈದು ಸೆಕೆಂಡಿನೊಳಗೆ ತಿರಸ್ಕರಿಸಿದವರಿಗೆ ಪೂರ್ತಿ ಅಂಕ, ತಡೆಹಿಡಿದವರಿಗೆ ಅರ್ಧ. ಇದಕ್ಕೆ ಕವಾಯತು ಎಂದು ಹೆಸರಿಟ್ಟಿದ್ದೆ. ಯಾವ ಫೈಲು ಕವಾಯತಿನದು, ಯಾವುದು ಅಸಲಿ ಎಂದು ಯಾರಿಗೂ ಮೊದಲೇ ಗೊತ್ತಾಗಬಾರದು ಎಂಬುದು ನನ್ನ ಹಟ.

ಈ ಪದ್ಧತಿಗೆ ಒಗ್ಗದೆ ಒದ್ದಾಡಿದವರು ಒಬ್ಬರೇ, ಮೆಹಬೂಬಸಾಬ ನದಾಫ. ವಯಸ್ಸು ನಲವತ್ತಾರು. ಇಪ್ಪತ್ತೆರಡು ವರ್ಷ ಆಸ್ಪತ್ರೆಯೊಂದರ ದಾಖಲೆ ಕೋಣೆಯಲ್ಲಿ ರೋಗಿಗಳ ಕಾಗದಪತ್ರ ಕಾಯ್ದವರು. ಎರಡು ಸಲ ಕೇಳದೆ ಯಾರಿಗೂ ಒಂದು ಹಾಳೆ ಕೊಟ್ಟವರಲ್ಲ.

“ಮೇಡಂ, ಒಂದು ಫೋನ್ ಮಾಡಿ ಕೇಳಿದ್ರ ಏನಾಕ್ಕೈತ್ರಿ?” ಮೊದಲ ದಿನವೇ ಅವರು ಎದ್ದು ನಿಂತು ಕೇಳಿದ್ದರು. “ಕಳಿಸಿದವರು ಆ ಕಡಿ ಕುಂತೇ ಇರ್ತಾರಲ್ರಿ. ‘ಇದು ನಿಮ್ಮದೇನ್ರಿ’ ಅಂತ ಕೇಳಿದ್ರ ಮುಗೀತು.”

“ಫೋನಿನ್ಯಾಗ ಮಾತಾಡಾವ್ರು ಯಾರಂತ ನಿಮಗ ಹೆಂಗ ಗೊತ್ತಾಕ್ಕೈತಿ, ನದಾಫರ? ಕಳ್ಳನೂ ನಿಮ್ಮಷ್ಟ ಚಂದ ಮಾತಾಡ್ತಾನ.”

ಮೊದಲ ಪರೀಕ್ಷೆಯಲ್ಲಿ ಅವರು ತಡೆಹಿಡಿ ಒತ್ತಿ, ಸೀದಾ ಫೋನಿಗೆ ಕೈ ಹಾಕಿದರು. “ಹಲೋ, ನಮಸ್ಕಾರ್ರಿ, ಹುಬ್ಬಳ್ಳಿಯಿಂದ ನದಾಫ ಮಾತಾಡಾಕತ್ತೇನ್ರಿ, ಆರಾಮದೀರಿಲ್ರಿ?” ಎಂದು ಶುರು ಮಾಡಿದರು. ತಡೆಹಿಡಿದದ್ದಕ್ಕೆ ಸಿಗಬೇಕಿದ್ದ ಅರ್ಧ ಅಂಕವನ್ನೂ ಫೋನು ಮಾಡಿದ್ದಕ್ಕೆ ಕಿತ್ತು, ನಾನು ಸೊನ್ನೆ ಕೊಟ್ಟೆ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಮರುದಿನ ಇಡೀ ಕ್ಲಾಸಿನ ಮುಂದೆ ಅವರ ಹಾಗೆಯೇ ಬಗ್ಗಿ ನಿಂತು, ಇಲ್ಲದ ಫೋನು ಕಿವಿಗಿಟ್ಟುಕೊಂಡು, “ಆರಾಮದೀರಿಲ್ರಿ ಕಳ್ಳರ?” ಎಂದು ಅಣಕಿಸಿದೆ. ಎಲ್ಲರೂ ನಕ್ಕರು. ನದಾಫರೂ ತಲೆ ತಗ್ಗಿಸಿಕೊಂಡು ನಕ್ಕರು. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಅವರು ಮತ್ತೆ ಫೋನು ಮುಟ್ಟಲಿಲ್ಲ. ಎರಡನೇ ಪರೀಕ್ಷೆಯಲ್ಲಿ ಪಾಸಾಗಿ ನಮ್ಮ ಕೇಂದ್ರದಲ್ಲೇ ಅಡ್ಮಿನ್ ಆದರು. ಆಮೇಲಿನ ಕವಾಯತುಗಳಲ್ಲಿ ಮೂವತ್ತು ಸೆಕೆಂಡು, ಇಪ್ಪತ್ತೆರಡು, ಹದಿನೆಂಟು ಎಂದು ಇಳಿಯುತ್ತ ಬಂದರು. ಪ್ರತಿ ಸಲವೂ ಸೆಕೆಂಡಿನ ಸಂಖ್ಯೆ ಬರೆದು ನನಗೆ ಮೆಸೇಜು ಕಳಿಸುತ್ತಿದ್ದರು. ನಾನು ‘ಭಲೇ’ ಎಂದು ಉತ್ತರ ಬರೆಯುತ್ತಿದ್ದೆ.

ನನ್ನ ಮನೆ ದುರ್ಗದಬೈಲಿನ ಹತ್ತಿರ. ಮನೆ ಎಂದರೆ ಮುಂದೆ ನನ್ನ ಅಕ್ಕ ನೀಲವ್ವನ ಖಾನಾವಳಿ, ಹಿಂದೆ ಎರಡು ಕೋಣೆ. ಭಾವ ತೀರಿಕೊಂಡು ಹನ್ನೆರಡು ವರ್ಷ. ನಾನು ಮದುವೆಯಾದವಳಲ್ಲ. ಊಟಕ್ಕೆ ಬರುವವರಿಗೆಲ್ಲ ಅವಳು ನೀಲಕ್ಕ. ಅವರು ರೊಟ್ಟಿಗಾಗಿ ಬರುತ್ತಿದ್ದರೋ ಅವಳ ಬೈಗುಳಕ್ಕಾಗಿ ಬರುತ್ತಿದ್ದರೋ ಹೇಳುವುದು ಕಷ್ಟ.

“ಯಾಕಪಾ ಹೊಸಮನಿ, ಎರಡು ರೊಟ್ಟಿಗೆ ಕೈ ತೊಳಕೊಳ್ಳಾಕತ್ತಿ? ನಿಮ್ಮವ್ವ ನೋಡಿದ್ರ ನನ್ನ ಬಡೀತಾಳ. ಕುಂದರ ಸುಮ್ಮ, ಇನ್ನೊಂದು ಹಾಕ್ತೇನಿ.” ಹೀಗೆ ಒಲೆಯ ಮುಂದೆ ಕೂತೇ ಇಡೀ ಪಡಸಾಲೆಯನ್ನು ಆಳುತ್ತಿದ್ದಳು. ನನಗಂತೂ ಬೈಗುಳದಲ್ಲಿ ಎಂದೂ ರಿಯಾಯಿತಿ ಇರಲಿಲ್ಲ. ನಾನು ಲ್ಯಾಪ್‌ಟಾಪ್ ಹಿಡಿದು ಕೂತರೆ, “ಏ ಹುಚ್ಚಿ, ಆ ಪೆಟಗಿ ಮುಚ್ಚಿ ಉಣ್ಣಾಕ ಬರ್ತಿಯೋ, ರೊಟ್ಟಿ ಅದರ ಬಾಯಾಗ ತುರುಕಲ್ಯೋ?” ಎನ್ನುತ್ತಿದ್ದಳು. ಒಂಬತ್ತನೇ ವಯಸ್ಸಿನಲ್ಲಿ ಅವ್ವನನ್ನು ಕಳೆದುಕೊಂಡ ನನ್ನನ್ನು ಅವಳು ಬೈದೇ ಬೆಳೆಸಿದ್ದು. ಅವಳು ಬೈಯದೆ ಇದ್ದ ದಿನ ಏನೋ ಕೆಟ್ಟದ್ದಾಗಿದೆ ಎಂದು ನಾನು ಹೆದರುತ್ತಿದ್ದೆ.

ಕಳೆದ ವರ್ಷ ಅವಳಿಗೆ ಮಾತಿನ ನಡುವೆ ಹೆಸರುಗಳು ತಪ್ಪತೊಡಗಿದವು. ಬದನೆಕಾಯಿ ಎಂಬ ಶಬ್ದಕ್ಕಾಗಿ ಅರ್ಧ ನಿಮಿಷ ಹುಡುಕಿ, ಸಿಗದೆ, ಸೌಟು ಬೀಸಿ ಒಗೆದಳು. ಪರೀಕ್ಷೆ ಮಾಡಿಸಿದರೆ ಗಡ್ಡೆ. ಡಾಕ್ಟರ್ ಗಲಗಲಿ ತಡ ಮಾಡಬೇಡಿ ಎಂದರು. ನಕ್ಷೆ ಇದೆಯಲ್ಲ ಎಂದು ನಾನು ಧೈರ್ಯವಾಗಿದ್ದೆ. ಬೇರೆಯವರಿಗೆ ಅದು ಹೊಸ ವಿದ್ಯೆ, ನನಗೆ ದಿನದ ಕೆಲಸ.

ಮೂರು ವಾರ ಅಕ್ಕ ಜಾಲರಿಯ ಟೋಪಿ ಹಾಕಿಕೊಂಡೇ ರೊಟ್ಟಿ ಬಡಿದಳು. ಊಟಕ್ಕೆ ಬಂದವರು ನಕ್ಕರು, ಅವರನ್ನು ಬೈದಳು. ಟೋಪಿ ತುರಿಸುತ್ತದೆಂದು ಡಾಕ್ಟರನ್ನು ಬೈದಳು. ನಾನು ಹಿಗ್ಗಿ ಹೋಗಿದ್ದೆ, ಏಕೆಂದರೆ ಬೈದಷ್ಟೂ ನಕ್ಷೆ ತುಂಬುತ್ತದೆ. ಆ ದಾಖಲೆಯನ್ನು ಬಳಸುವಂಥ ನಕ್ಷೆಯಾಗಿ ಮಾಡುವ ಯಂತ್ರಗಳು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿವೆ. ದಾಖಲೆ ಅಲ್ಲಿಗೆ ಹೋಯಿತು, ಕಾಯ್ದೆಯಂತೆ ಇಲ್ಲಿ ಅಳಿಯಿತು. ನಕ್ಷೆಯಾಗಿ ತಿರುಗಿ ಬರುವುದು ಬಾಕಿ. ನನ್ನ ಕೈಯಲ್ಲಿ ಒಂದು ಚೀಟಿ ಇತ್ತು, ಅದರ ಮೇಲೆ ಫೈಲಿನ ಸಂಖ್ಯೆ.

ಆಪರೇಷನ್ ಒಂದು ಮಂಗಳವಾರ ಬೆಳಿಗ್ಗೆ ಆಯಿತು. ನಾನು ಹಿಂದಿನ ಗುರುವಾರದಿಂದಲೇ ರಜೆಯ ಮೇಲಿದ್ದೆ. ಈ ವಾರ ಕವಾಯತು ಇಲ್ಲ ಎಂದು ಕೇಂದ್ರದಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಅದು ಕವಾಯತು ಹೇಗಾದೀತು ಎಂಬ ಜಂಬ.

ಹನ್ನೊಂದೂವರೆ ಇರಬೇಕು. ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆ. ಮೊಬೈಲಿಗೆ ನದಾಫರ ಮೆಸೇಜು ಬಂತು. “ಮೇಡಂ, ಹನ್ನೊಂದು ಸೆಕೆಂಡು!”

ಓದಿ ಮೊದಲು ನಗು ಬಂತು. ರೂಢಿಯಂತೆ ‘ಭಲೇ’ ಎಂದು ಅರ್ಧ ಬರೆದೂ ಇದ್ದೆ. ನಾನಿವತ್ತು ಹುಸಿ ಫೈಲು ಕಳಿಸಿಯೇ ಇಲ್ಲವಲ್ಲ ಎಂಬುದು ಆಗ ಹೊಳೆಯಿತು.

ಮೊಬೈಲಿನಲ್ಲೇ ಕೇಂದ್ರದ ಇಮೇಲ್ ತೆರೆದು ನೋಡಿದೆ. ಬೆಂಗಳೂರಿನ ಪ್ರಯೋಗಾಲಯದಿಂದ ಶನಿವಾರ ಬಂದ ಸುತ್ತೋಲೆ ಓದದೆ ಬಿದ್ದಿತ್ತು. ಸೋಮವಾರದಿಂದ ತಮ್ಮ ಮುದ್ರೆಯ ಕೀಲಿ ಬದಲಾಗುತ್ತದೆ, ಹೊಸ ಕೀಲಿಯನ್ನು ನಿಮ್ಮ ಸರ್ವರಿಗೆ ಹಾಕಿಕೊಳ್ಳಿ ಎಂದು ಬರೆದಿದ್ದರು. ಅದನ್ನು ಹಾಕುವ ಅಧಿಕಾರ ಇದ್ದದ್ದು ನನಗೊಬ್ಬಳಿಗೇ. ಹೊಸ ಕೀಲಿ ಇಲ್ಲದ ಕಡೆ ಅಸಲಿ ಫೈಲಿನ ಮುದ್ರೆಯೂ ತಾಳೆಯಾಗುವುದಿಲ್ಲ. ನದಾಫರ ಪರದೆಯ ಮೇಲೆ ಬಂದದ್ದು ಅಂಥದೊಂದು ಫೈಲು. ಅವರು ಮಂಗಳವಾರದ ಕವಾಯತೆಂದುಕೊಂಡು, ನಾನು ಕಲಿಸಿದಂತೆ, ಚಕ್ಕನೆ ಸುಟ್ಟಿದ್ದರು.

ಅದು ಬೇರೆ ಯಾರದ್ದೋ ಇರಲಿ ದೇವರೇ ಎಂದು ಬೇಡಿಕೊಂಡೆ. ಬೇರೆ ಒಬ್ಬರ ಮಾತು ಹೋಗಿರಲಿ ಎಂದು ಬೇಡುತ್ತಿದ್ದೇನೆ ಎಂಬ ನಾಚಿಕೆಯೂ ಆಗ ಇರಲಿಲ್ಲ. ಚೀಟಿ ತೆಗೆದು, ಕೇಂದ್ರದ ದಾಖಲೆಯಲ್ಲಿದ್ದ ಸುಟ್ಟ ಫೈಲಿನ ಸಂಖ್ಯೆಯೊಡನೆ ಹೋಲಿಸಿದೆ. ಎರಡು ಸಲ ಹೋಲಿಸಿದೆ. ಅಕ್ಕನದೇ ಆಗಿತ್ತು.

ಅಷ್ಟರಲ್ಲಿ ಬಾಗಿಲು ತೆರೆದು ಡಾಕ್ಟರ್ ಗಲಗಲಿ ನಗುತ್ತಲೇ ಹೊರಗೆ ಬಂದರು.

“ಭಾಳ ಛಲೋ ಆತು ಆಪರೇಶನ್ನು. ಗಡ್ಡಿ ಪೂರ್ತಿ ತಗದೀವಿ. ಇನ್ನ ನಾಕು ದಿನ ಬಿಟ್ಟು ನಕ್ಷೆ ತುಂಬೋಣಂತ. ಅದು ಇವತ್ತು ಬರೋದಿತ್ತಲ್ಲ, ಬಂತೇನು?”

“ಬಂದಿತ್ರಿ,” ಎಂದೆ.

ವಿಚಾರಣೆ ಎರಡು ದಿನ ನಡೆಯಿತು. ಮೇಲಿನ ಕಚೇರಿಯಿಂದ ಮೂವರು ಬಂದಿದ್ದರು. ನದಾಫರು ಎಲ್ಲಿ ತಪ್ಪಿದರು ಎಂದು ನನ್ನನ್ನು ಕೇಳಿದರು. ಎಲ್ಲೂ ತಪ್ಪಲಿಲ್ಲ, ನಾನು ಹೇಳಿಕೊಟ್ಟದ್ದನ್ನೇ ಮಾಡಿದರು, ಹೇಳಿಕೊಟ್ಟದ್ದೇ ತಪ್ಪು ಎಂದೆ. ತಡೆಹಿಡಿಯುವ ಗುಂಡಿಗೆ ನಾನು ಅಂಕ ಕಡಿಮೆ ಮಾಡಿದ್ದನ್ನೂ ಸುತ್ತೋಲೆ ಓದದೆ ಇಟ್ಟಿದ್ದನ್ನೂ ಬಾಯಿಬಿಟ್ಟು ಹೇಳಿದೆ. ಅವರು ಎಲ್ಲವನ್ನೂ ಬರೆದುಕೊಂಡರು. ಕೊನೆಗೆ ಬಂದ ವರದಿಯಲ್ಲಿ ಸುತ್ತೋಲೆಯ ವಿಷಯ ‘ಆಡಳಿತಾತ್ಮಕ ವಿಳಂಬ’ ಎಂದು ಒಂದು ಸಾಲಾಗಿತ್ತು. ಸಿಬ್ಬಂದಿಯ ತರಬೇತಿ ‘ಅತ್ಯಂತ ಪರಿಣಾಮಕಾರಿ’ ಎಂದು ಮೂರು ಸಾಲು ಹೊಗಳಿದ್ದರು. ಅಂಥದೇ ತರಬೇತಿಯನ್ನು ಬೇರೆ ಜಿಲ್ಲೆಗಳಲ್ಲೂ ನಡೆಸಬೇಕೆಂಬ ಶಿಫಾರಸು ಬೇರೆ. ಒಂದು ಬೈಗುಳವಾದರೂ ಸಿಕ್ಕೀತೆಂದು ಆ ಕಾಗದವನ್ನು ಮತ್ತೆ ಮತ್ತೆ ಓದಿದೆ.

ಸುಟ್ಟ ಫೈಲು ಯಾರದೆಂದು ನದಾಫರಿಗೆ ನಾನೇ ಹೇಳಿದೆ. ಬೇರೆಯವರ ಬಾಯಿಂದ ಕೇಳುವುದು ಬೇಡವೆನ್ನಿಸಿತ್ತು. ಅವರು ಕುರ್ಚಿ ಹಿಡಿದುಕೊಂಡು ನಿಂತೇ ಇದ್ದರು. ವಾರಕ್ಕೆ ನಾಲ್ಕು ಮಧ್ಯಾಹ್ನ ನೀಲಕ್ಕನ ಖಾನಾವಳಿಯಲ್ಲೇ ಅವರ ಊಟ.

“ಮೇಡಂ, ಒಂದು ಹೇಳ್ತೇನ್ರಿ, ಸಿಟ್ಟಾಗಬ್ಯಾಡ್ರಿ,” ಎಂದರು. “ಅವತ್ತು ನನಗ ಒಂದೀಟು ಅನುಮಾನ ಬಂದಿತ್ರಿ. ಫೈಲು ಭಾಳ ದೊಡ್ಡದಿತ್ತು. ಕವಾಯತಿಂದು ಅಷ್ಟು ದೊಡ್ಡದು ಇರಾಂಗಿಲ್ಲ. ಫೋನಿಗೆ ಕೈ ಹೋಗಿತ್ತು, ಎತ್ತಿದ್ದೆ ಕೂಡ.”

“ಮತ್ತ?”

“ಎಲ್ಲಾರೂ ನಕ್ಕಿದ್ದು ನೆನಪಾತ್ರಿ. ಇಟ್ಟುಬಿಟ್ಟೆ.”

ಅವರು ನನ್ನನ್ನು ಚುಚ್ಚಲು ಹೇಳಿದ್ದಲ್ಲ. ತಮ್ಮ ತಪ್ಪೆಂದೇ ಹೇಳಿಕೊಳ್ಳುತ್ತಿದ್ದರು, ಕಣ್ಣಲ್ಲಿ ನೀರಿತ್ತು. ತಪ್ಪು ನಿಮ್ಮದಲ್ಲ ಎಂದು ನಾನು ಎಷ್ಟು ಹೇಳಿದರೂ ಒಪ್ಪದೆ ತಲೆಯಾಡಿಸುತ್ತಿದ್ದರು. ಇಪ್ಪತ್ತೆರಡು ವರ್ಷ ಅವರ ಕೈಗೆ ಇದ್ದ ಒಳ್ಳೆಯ ಅಭ್ಯಾಸವನ್ನು ನಾನು ಒಂದು ನಗೆಯಲ್ಲಿ ಬಿಡಿಸಿದ್ದೆ.

ಕಾಯ್ದೆಯಂತೆ ಬೆಂಗಳೂರಿನಲ್ಲೂ ಅಳಿದಿದ್ದ ಅಕ್ಕನ ನಕ್ಷೆಯನ್ನು ಮತ್ತೆ ಮಾಡುವಂತಿರಲಿಲ್ಲ. ಮಾತು ಹುಟ್ಟುವ ಜಾಗವೇ ಈಗ ಅವಳ ತಲೆಯಲ್ಲಿಲ್ಲ. ಉಳಿದದ್ದು ಸಾಮಾನ್ಯ ನಕ್ಷೆ. ಸಾವಿರಾರು ಜನರ ಮಾತನ್ನು ಕಲೆಹಾಕಿ, ಸೋಸಿ, ಯಾರಿಗೂ ಬೇಸರವಾಗದಂತೆ ಮಾಡಿಟ್ಟ ನಕ್ಷೆ ಅದು.

“ಸ್ವಂತದ್ದು ಇದ್ರ ಅಕ್ಕಾವ್ರ ಮನಸಿನ್ಯಾಗಿನ ಮಾತು ಸೀದಾ ಬರ್ತಿತ್ತು,” ಎಂದು ಗಲಗಲಿಯವರು ತಿಳಿಸಿ ಹೇಳಿದರು. “ಇದು ಹಂಗಲ್ಲ. ಎದುರಿನವರು ಏನಂದ್ರು ಅಂತ ಕೇಳಸ್ಕೋತದ, ಅದಕ್ಕ ಮಂದಿ ಸಾಮಾನ್ಯ ಏನು ಉತ್ತರ ಕೊಡ್ತಾರೋ ಅದನ್ನ ಆಡ್ತದ. ಏನೂ ಇಲ್ಲದ್ದಕ್ಕಿಂತ ಇದು ವಾಸಿ ಅಂತ ತಿಳ್ಕೋಬೇಕಷ್ಟ.”

ತಿಂಗಳ ಮೇಲೆ ಅಕ್ಕ ಮತ್ತೆ ಒಲೆಯ ಮುಂದೆ ಕೂತಳು. ರೊಟ್ಟಿ ಮೊದಲಿನಂತೆಯೇ ತೆಳ್ಳಗೆ ಬಂತು. ಹೊಸಮನಿ ಒಳಗೆ ಕಾಲಿಟ್ಟ ಕೂಡಲೇ ಅವಳ ಕೊರಳಿಂದ, “ದಯವಿಟ್ಟು ಕುಳಿತುಕೊಳ್ಳಿ. ನಿಮಗೆ ಏನು ಬೇಕು?” ಎಂದು ಬಂತು. ದನಿ ಚೆನ್ನಾಗಿಯೇ ಇತ್ತು, ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ. ಅವನು ತಮಾಷೆ ಎಂದುಕೊಂಡು ನಕ್ಕ. ಅಕ್ಕನ ಮುಖ ನೋಡಿ ನಗು ನಿಲ್ಲಿಸಿದ. ಎರಡು ರೊಟ್ಟಿ ತಿಂದು ಕೈ ತೊಳೆದುಕೊಂಡ. “ಧನ್ಯವಾದಗಳು, ಮತ್ತೆ ಬನ್ನಿ,” ಎಂದಿತು ಸ್ಪೀಕರು. ಅಕ್ಕ ಸೌಟಿನಿಂದ ಹಿಟ್ಟು ನಾದುವ ಕೊಣಮಿಗೆಯ ಅಂಚನ್ನು ಒಂದೇ ಸಮ ಕುಟ್ಟುತ್ತಿದ್ದಳು.

ನಕ್ಷೆ ದಾರಿಯಲ್ಲಿ ಕೆಟ್ಟಿತೆಂದಷ್ಟೇ ಅವಳಿಗೆ ಹೇಳಿದ್ದೆವು. ನಾನು ದಿನಾ ಇವತ್ತು ಪೂರ್ತಿ ಹೇಳಬೇಕು ಎಂದುಕೊಂಡು ಏಳುತ್ತಿದ್ದೆ, ಹೇಳದೆ ಕೇಂದ್ರಕ್ಕೆ ಹೋಗುತ್ತಿದ್ದೆ. ಹೊಸ ಪಾಠ ಬರೆದೆ. ಕವಾಯತು ನಿಲ್ಲಿಸಿದೆ. ತಡೆಹಿಡಿದವರಿಗೇ ಪೂರ್ತಿ ಅಂಕ ಎಂದು ಮಾಡಿದೆ, ಕಳಿಸಿದವರಿಗೆ ಫೋನು ಮಾಡುವುದನ್ನು ನದಾಫರಿಂದಲೇ ಕಲಿಸಿದೆ. ಅದರಿಂದ ಮುಂದೆ ಯಾರಿಗೋ ಒಳ್ಳೆಯದಾದೀತು. ನನ್ನ ಮನೆಯ ಒಳಗೆ ಅದರಿಂದ ಏನೂ ಬದಲಾಗಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಊಟದವರೆಲ್ಲ ಹೋದ ಮೇಲೆ, ಅಕ್ಕ ನಮ್ಮಿಬ್ಬರಿಗೆ ಕಡೆಯ ರೊಟ್ಟಿ ಬಡಿಯುತ್ತಿದ್ದಳು. ನಾನು ಹೋಗಿ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತೆ.

“ಅಕ್ಕಾ, ನಿನ್ನ ಮಾತು ತಾನಾಗಿ ಕೆಡಲಿಲ್ಲ. ನನ್ನಿಂದ ಸುಟ್ಟುಹೋತು.”

ಎಲ್ಲವನ್ನೂ ಹೇಳಿದೆ. ಶನಿವಾರದ ಸುತ್ತೋಲೆಯನ್ನು ತೆರೆಯದೆ ಇದ್ದದ್ದು, ನದಾಫರನ್ನು ಅಣಕಿಸಿದ್ದು, ಅವರು ಎತ್ತಿದ ಫೋನು ಕೆಳಗಿಟ್ಟದ್ದು, ಯಾವುದನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ಅಕ್ಕನ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಕಪ್ಪಾಗತೊಡಗಿತು, ಅವಳು ತಿರುವಲಿಲ್ಲ. ಮುಖ ಕೆಂಪಾಗಿತ್ತು. ಮೂಗಿನ ಹೊಳ್ಳೆಗಳು ಅರಳಿದವು. ನಾನು ಕಂಡ ಅಕ್ಕ, ಪಡಸಾಲೆಯನ್ನೆಲ್ಲ ನಡುಗಿಸುತ್ತಿದ್ದ ಅಕ್ಕ, ಅಷ್ಟು ದಿನಗಳ ಮೇಲೆ ಎದುರಿಗೆ ಕೂತಿದ್ದಳು. ಹಿಟ್ಟು ಮೆತ್ತಿದ ಕೈಯಿಂದ ನನ್ನ ರಟ್ಟೆಯನ್ನು ಬಿಗಿಯಾಗಿ ಹಿಡಿದಳು. ನನಗೆ ಜೀವ ಬಂದಂತಾಯಿತು. ಈಗ ಬೈಯುತ್ತಾಳೆ ಎಂದು ತಲೆ ತಗ್ಗಿಸಿ ಕಾದೆ.

“ಪರವಾಗಿಲ್ಲ,” ಎಂದಿತು ಸ್ಪೀಕರು. “ಎಲ್ಲರಿಂದಲೂ ತಪ್ಪುಗಳಾಗುತ್ತವೆ. ನೀವು ಬೇಸರ ಮಾಡಿಕೊಳ್ಳಬೇಡಿ.”

ಅಕ್ಕ ಅದನ್ನು ಕೇಳಿ ಬೆಚ್ಚಿದಳು. ಅಲ್ಲ, ಅಲ್ಲ ಎಂದು ಜೋರಾಗಿ ತಲೆಯಾಡಿಸಿದಳು. ನನ್ನ ರಟ್ಟೆ ಹಿಡಿದು ಅಲುಗಿಸುತ್ತ ಮತ್ತೆ ಮಾತಾಡಲು ನೋಡಿದಳು. ಕೊರಳ ನರ ಉಬ್ಬಿದ್ದು ಕಾಣುತ್ತಿತ್ತು.

“ಸತ್ಯವನ್ನು ತಿಳಿಸಿದ್ದಕ್ಕೆ ಧನ್ಯವಾದಗಳು.”

“ಬೈ ಅಕ್ಕಾ,” ಎಂದೆ. ಅಳು ತಡೆಯಲಾಗಲಿಲ್ಲ. “ನಿನ್ನ ಕಾಲಿಗೆ ಬೀಳ್ತೇನಿ, ಒಂದ ಸಲ ಬೈ.”

“ನಾನು ನಿಮ್ಮನ್ನು ಕ್ಷಮಿಸಿದ್ದೇನೆ.”

ಅವಳು ಎರಡೂ ಕೈಗಳಿಂದ ಆ ಸ್ಪೀಕರನ್ನು ಕೊರಳಿಗೆ ಒತ್ತಿ ಹಿಡಿದಳು. ಕಣ್ಣೀರು ಕೆನ್ನೆಯ ಹಿಟ್ಟಿನ ಮೇಲೆ ಇಳಿಯುತ್ತಿತ್ತು. ಆ ಕಣ್ಣು ನನ್ನನ್ನು ಬಿಡದೆ ಸುಡುತ್ತಿತ್ತು, ಬೆರಳುಗಳ ಸಂದಿಯಿಂದ ಆ ದನಿ ಮೆಲ್ಲಗೆ ಅದನ್ನೇ ಮತ್ತೆ ಹೇಳಿತು. ಅಕ್ಕ ನನ್ನನ್ನು ಕ್ಷಮಿಸಿರಲಿಲ್ಲ. ಹಾಗೆಂದು ಹೇಳಲು ಅವಳಿಗೆ ಮಾತಿರಲಿಲ್ಲ.